ಕಡಲ ಕೆಸರು, ಕವಳದ ಬಟ್ಟಲು

ನಾನು ಎಲೆ ಅಡಿಕೆ ಹಾಕುವವನಲ್ಲ. ಆದರೂ ಯಲ್ಲಾಪುರದ ನನ್ನ ಬಾಡಿಗೆ ಮನೆಯಲ್ಲಿ ಕವಳದ ಬಟ್ಟಲು ಸದಾ ತುಂಬಿರುತ್ತಿತ್ತು. ಒಬ್ಬನೇ ಇರುವವನಿಗೆ ಜನ ಬೇಕು, ನಮ್ಮ ಕಡೆಯ ಜನಕ್ಕೆ ಕವಳ ಬೇಕು. ಬಾಯಿ ತುಂಬ ಕವಳ ಇಟ್ಟುಕೊಂಡವರು ಬೇಗ ಎದ್ದು ಹೋಗುವುದಿಲ್ಲ ಎಂಬುದು ನನ್ನ ಅಂದಾಜು. ಇಲಿ ಬೋನಿಗೆ ಕೊಬ್ಬರಿ ಇಟ್ಟ ಹಾಗೆ ಎಂದು ನೀವು ಅಂದರೆ ನಾನು ಸಿಟ್ಟಾಗುವುದಿಲ್ಲ. ಆ ಬೋನಿಗೆ ಸಂಜೆ ತಪ್ಪದೆ ಬೀಳುತ್ತಿದ್ದವನು ಪಕ್ಕದ ಮನೆಯ ಗಣಪಣ್ಣ ಒಬ್ಬನೇ. ಮರದ ದಿಮ್ಮಿ ಮಾರುವ ನಾಟಾ ಡಿಪೋದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವ. ಹೆಂಡತಿ ತೀರಿಕೊಂಡ ಮೇಲೆ ಅವನೂ ಒಂಟಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಡಲ ನಡುವೆ ಕರೆಂಟು ತೆಗೆಯುವ ಗಾಳಿಯಂತ್ರ ನೆಡಬೇಕೆಂದು ಒಂದು ಕಂಪನಿಗೆ ಆಸೆ ಹುಟ್ಟಿತ್ತು. ಕಂಬ ಊರುವ ಮೊದಲು ತಳದಲ್ಲಿ ಮರಳಿದೆಯೋ ಜೇಡಿಯೋ, ಅಲ್ಲಿ ಯಾರು ಯಾರು ಸಂಸಾರ ಹೂಡಿದ್ದಾರೆ ಎಂದು ನೋಡಬೇಕಲ್ಲ? ಕಡಲಜೀವಿಗಳ ವಿಷಯ ಓದಿದ್ದ ನನಗೆ ಆ ಕೆಲಸ ಸಿಕ್ಕಿತು. ಆದರೆ ಅರಬೈಲ್ ಘಾಟಿ ಇಳಿಯುವಾಗಲೇ ಬಸ್ಸಿನ ಕಿಟಕಿಗೆ ಮುಖ ಕೊಡುವವನು ನಾನು! ದೋಣಿ ಹತ್ತಿದ ಮೊದಲ ದಿನವೇ ತಿಂದದ್ದನ್ನೆಲ್ಲ ಸಮುದ್ರರಾಜನಿಗೆ ಅರ್ಪಿಸಿದೆ. “ನೀವು ಮನೆಯಲ್ಲೇ ಕೂತು ಹುಳ ಹೆಕ್ಕಿ ಮಾರಾಯ್ರೆ” ಎಂದು ಕಂಪನಿಯ ಸಾಹೇಬರು ಕೈಮುಗಿದರು. ಅಂದಿನಿಂದ ತಳದ ಕೆಸರು ಜರಡಿ ಹಿಡಿಸಿಕೊಂಡು, ಕೊಳೆಯದಂತೆ ಫಾರ್ಮಲಿನ್ ಹಾಕಿಸಿಕೊಂಡು, ಬಾಟಲಿಗಳಲ್ಲಿ ಕೂತು ಘಟ್ಟ ಹತ್ತತೊಡಗಿತು. ಸೂಕ್ಷ್ಮದರ್ಶಕದಡಿ ಹುಳ, ಚಿಪ್ಪು, ಏಡಿಯ ಕಾಲು ಬೇರೆ ಬೇರೆ ಮಾಡುತ್ತ ಕೂರುತ್ತಿದ್ದೆ. ಕೆಲವು ಹುಳಗಳು ತಮ್ಮ ಸುತ್ತ ಮರಳಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಒಂಟಿಯಾಗಿ ಬದುಕುತ್ತವೆ. ಅಂಥದ್ದು ಕಂಡಾಗ ಮಾತ್ರ ಕೈ ತುಸು ನಿಲ್ಲುತ್ತಿತ್ತು.

ಬಾಟಲಿ ಬಂದ ದಿನ ಗಣಪಣ್ಣ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡ.

“ಎಂತದ ತಮಾ ಇದು, ಹೆಣ ಇಟ್ಕಂಡಿದ್ಯನ?”

“ಹೆಣ ಅಲ್ದೋ ಗಣಪಣ್ಣ, ಸಮುದ್ರದ ಹುಳ.”

“ಜೀವ ಇದ್ದನ?”

“ಇಲ್ಲೆ.”

“ಹಂಗಾರೆ ಹೆಣವೇ ಆತಲ” ಎಂದವನು ತಿರುಗಿ ನಡೆದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ನಾನು ಊದುಬತ್ತಿ ಹಚ್ಚಿದೆ, ಲೋಬಾನ ಹಾಕಿದೆ. ಅದುವರೆಗೆ ಬರೀ ಔಷಧಿ ವಾಸನೆಯಿದ್ದ ಮನೆ ಈಗ ನಿಜವಾಗಿಯೂ ಸಾವಿನ ಮನೆಯಾಯಿತು. ಬಟ್ಟಲಿನ ಎಲೆ ಬಾಡುವುದು, ನಾನು ಹೊಸ ಎಲೆ ತರುವುದು, ಅದೂ ಬಾಡುವುದು. ಸಂಜೆಗಳು ಎಷ್ಟು ಉದ್ದವಾದವೆಂದರೆ, ಒಮ್ಮೆ ಕೊಳವೆಯ ಹುಳಕ್ಕೇ “ಎಂತ ಸುದ್ದಿ?” ಎಂದು ಕೇಳಿಬಿಟ್ಟೆ. ಬೆಳಗಿನಿಂದ ನಾನಾಡಿದ ಮೊದಲ ಮಾತು ಅದು. ನನ್ನ ದನಿ ಕೇಳಿ ನನಗೇ ಅಳು ಬಂದಂತಾಯಿತು.

ತಡೆಯಲಾರದೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದೆ, ಜಗಳಕ್ಕೆಂದೇ. ಗಣಪಣ್ಣ ಜಗುಲಿಯಲ್ಲಿ ಕೂತಿದ್ದ. ಎದುರಿಗೊಂದು ಖಾಲಿ ಮಣೆ. ಮಣೆಯ ಮುಂದೆ ಕವಳದ ಬಟ್ಟಲು, ಅದರಲ್ಲೂ ಬಾಡಿದ ಎಲೆ.

“ಈಗ ಬಂದ್ಯನ?” ಎಂದ. “ಆ ವಾಸ್ನೆಗೆ ಎಂಗಂತೂ ನಿಮ್ಮನಿಗೆ ಬಪ್ಲೆ ಆಗ್ತಿಲ್ಲೆ. ನಿಂಗೆ ಇಲ್ಲಿಗೆ ಬಪ್ಲೆ ಎಂತ ಆಗಿತ್ತು? ಆನು ನಿಂಗೆ ಹೇಳೇ ದಿನಾ ಎಲೆ ಇಡ್ತಾ ಇದ್ದಿ.”

“ಆನು ಕವಳ ಹಾಕ್ತ್ನಿಲ್ಲೆ ಹೇಳಿ ಗೊತ್ತಿದ್ದಲ?”

“ಗೊತ್ತಿದ್ದು. ಆದ್ರೂ ಇಟ್ಟಿ.”

ಕಡಲ ತಳದಲ್ಲಿ ಯಾರಿದ್ದಾರೆಂದು ಇಣುಕುತ್ತಿದ್ದ ನಾನು ಪಕ್ಕದ ಜಗುಲಿಗೆ ಒಮ್ಮೆಯೂ ಇಣುಕಿರಲಿಲ್ಲ. ಆ ದಿನ ಜೀವನದ ಮೊದಲ ಕವಳ ಹಾಕಿ, ಘಾಟಿ ಇಳಿದವನಂತೆ ತಲೆ ತಿರುಗಿ, ಅಲ್ಲೇ ಕಂಬಕ್ಕೆ ಒರಗಿದೆ.

ಕಂಪನಿ ಆಮೇಲೆ ಗಾಳಿಯಂತ್ರದ ಯೋಚನೆ ಕೈಬಿಟ್ಟಿತು. ಬಾಟಲಿಗಳೂ ಹೋದವು. ನಾನು ಮಾತ್ರ ಸಂಜೆಯಾದೊಡನೆ ಗಣಪಣ್ಣನ ಜಗುಲಿಗೆ ಹೋಗುತ್ತೇನೆ. ನನ್ನನ್ನು ಕಂಡದ್ದೇ ಅವನು ಅಂಗಳದ ಬಾಳೆ ಎಲೆ ಯಾವ ಕಡೆಗೆ ಅಲ್ಲಾಡುತ್ತಿದೆ ಎಂದು ನೋಡಿ, ಮೂಗು ಮುಚ್ಚಿ, ತನ್ನ ಮಣೆ ಎತ್ತಿಕೊಂಡು ಗಾಳಿ ಬರುವ ದಿಕ್ಕಿಗೆ ಹೋಗಿ ಕೂರುತ್ತಾನೆ. ವಾಸನೆ ಬಾಟಲಿಯದ್ದೆಂದೇ ನಾನು ತಿಳಿದಿದ್ದೆ.