ಅಸ್ಥಿಪಂಜರದ ಹರಾಜು

ಕಾರು ಕಳುವಾದ ದಿನ ಷಡಕ್ಷರಿ ಅನ್ನ ಬಿಟ್ಟ. (ಬಿಟ್ಟಿದ್ದು ಅನ್ನ ಮಾತ್ರ. ದೋಸೆ, ಕಾಫಿ ಬಿಟ್ಟಿರಲಿಲ್ಲ. ದುಃಖದಲ್ಲಿರುವವನಿಗೆ ಎಲ್ಲ ಬಿಸಿಬಿಸಿಯಾಗಿಯೇ ಬೇಕಾದ್ದರಿಂದ ಹೆಂಡತಿ ಭವ್ಯ ಒಲೆಯ ಮುಂದಿಂದ ಏಳುವಂತಿರಲಿಲ್ಲ.)

ಪಾರ್ಕಿಂಗಿನ ದುಡ್ಡು ಉಳಿಸಲು ಶೃಂಗೇರಿಯ ಲಾಡ್ಜೊಂದರ ಹಿಂದೆ ನಿಲ್ಲಿಸಿದ್ದ ಕಾರು ಅದು. ಕೊಪ್ಪದಲ್ಲಿ ಬಣ್ಣದ ಅಂಗಡಿ ಇಟ್ಟಿರುವ ಷಡಕ್ಷರಿ ಪ್ರತಿ ಭಾನುವಾರ ಅದನ್ನು ತಾನೇ ತೊಳೆಯುತ್ತಾನೆಂದು ಊರೆಲ್ಲ ಖ್ಯಾತಿ. ತಾನೇ ತೊಳೆಯುವುದು ಎಂದರೆ, ಭವ್ಯ ನೀರು ಹೊತ್ತು ತರುವುದು, ಭವ್ಯ ಉಜ್ಜುವುದು, ಇವನು "ಅಲ್ಲೊಂದು ಕಲೆ" ಎಂದು ಬೆರಳು ತೋರಿಸುವುದು.

ಕೊನೆಗೂ ಕಾರು ಬಸರೀಕಟ್ಟೆ ರಸ್ತೆಯ ಪಕ್ಕದ ಪೊದೆಯಲ್ಲಿ ಸಿಕ್ಕಿತು. ಸಿಕ್ಕಿತು ಎನ್ನುವುದು ಮರ್ಯಾದೆಯ ಮಾತು. ಎಂಜಿನ್ ಇಲ್ಲ, ಚಕ್ರ ಇಲ್ಲ, ಸೀಟು, ಸ್ಟೇರಿಂಗ್ ಒಂದೂ ಇಲ್ಲ. ಕಳ್ಳರು ಹಲಸಿನ ಹಣ್ಣು ಬಿಡಿಸಿದ ಹಾಗೆ ತೊಳೆಯನ್ನೆಲ್ಲ ಒಯ್ದು ಸಿಪ್ಪೆ ಬಿಟ್ಟು ಹೋಗಿದ್ದರು.

ಆದರೂ ಭವ್ಯಳಿಗೆ ಒಳಗೊಳಗೇ ಒಂದು ಸಂತೋಷ. ವಿಮೆ ಎರಡು ಲಕ್ಷದ್ದು. ಅದರಲ್ಲಿ ಇನ್ನೊಂದು ಹಳೆ ಕಾರು, ಮಿಕ್ಕ ಇಪ್ಪತ್ತೈದು ಸಾವಿರಕ್ಕೆ ಅವಳಿಗೊಂದು ವಾಷಿಂಗ್ ಮೆಷಿನ್ ಎಂದು ಷಡಕ್ಷರಿ ದೇವರ ಮುಂದೆ ಮಾತು ಕೊಟ್ಟಿದ್ದ. ಮದುವೆಯಾದಾಗಿನಿಂದ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದ ಅವಳ ಮಣಿಕಟ್ಟು ಆ ಮಾತು ಕೇಳಿಯೇ ಅರ್ಧ ಗುಣವಾಗಿತ್ತು.

ಕೊಪ್ಪದ ಪೊಲೀಸ್ ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದ ಕಾರಿನ ಅವಶೇಷ ನೋಡಿ ಬೆಲೆ ಕಟ್ಟಲು ವಿಮೆ ಕಂಪನಿಯ ಪರವಾಗಿ ಶಿವಮೊಗ್ಗದಿಂದ ಸರ್ವೇಯರ್ ಅರ್ಶಿಯಾ ಬಂದಳು. ಕೊಳ್ಳಲು ನರಸಿಂಹರಾಜಪುರದ ಗುಜರಿ ವ್ಯಾಪಾರಿ ರಜಾಕ್ ಸಾಹೇಬರು ಬಂದರು. ಕಾಗದಪತ್ರ ಎಲ್ಲಿದೆಯೆಂದು ಗೊತ್ತಿದ್ದವಳು ಭವ್ಯ ಒಬ್ಬಳೇ ಆದ್ದರಿಂದ ಅವಳೂ ಬಂದಳು.

"ಲೆಕ್ಕ ಸರಳ ಮೇಡಂ," ಎಂದಳು ಅರ್ಶಿಯಾ. "ಈ ಬಾಡಿ ಎಷ್ಟಕ್ಕೆ ಹೋಗುತ್ತೋ ಅಷ್ಟನ್ನ ಎರಡು ಲಕ್ಷದಲ್ಲಿ ಕಳೆದು ಉಳಿದಿದ್ದು ಕಂಪನಿ ಕೊಡುತ್ತೆ. ಕಳೆದಷ್ಟನ್ನ ಬಾಡಿ ತಗೊಂಡವರು ನಿಮಗೆ ಕೊಡ್ತಾರೆ."

ಭವ್ಯ ತಲೆಯಾಡಿಸಿದಳು. ಷಡಕ್ಷರಿಗೆ ಇದು ಅರೆಬರೆ ಕೇಳಿಸಿತು. ಅವನು ಕಾರಿನ ಬಾಗಿಲು ಸವರುತ್ತ ಮೂಗು ಒರೆಸಿಕೊಳ್ಳುತ್ತಿದ್ದ.

ರಜಾಕ್ ಸಾಹೇಬರು ಚಪ್ಪಲಿ ಕಾಲಲ್ಲಿ ಕಾರನ್ನು ತಟ್ಟಿ ನೋಡಿದರು. "ತುಕ್ಕು ಹಿಡಿದಿದೆ ಸಾರ್. ಇಪ್ಪತ್ತು ಸಾವಿರ."

"ಮೊದಲು ಕಾಲು ತೆಗೀರಿ! ಎಂತ ತುಕ್ಕು? ಬಣ್ಣದ ಅಂಗಡಿಯವನಿಗೆ ತುಕ್ಕು ಹೇಳಿಕೊಡ್ತೀರಾ?"

"ಎಂಜಿನ್ನೇ ಇಲ್ಲ ಮಾರಾಯ್ರೆ."

"ಎಂಜಿನ್ ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಬಾಡಿ ನೋಡಿ, ಬಾಡಿ!"

ಭವ್ಯ ಗಂಡನ ಅಂಗಿ ಜಗ್ಗಿದಳು. "ರೀ, ಇಪ್ಪತ್ತು ಸಾಕು, ಒಪ್ಕೊಳ್ಳಿ."

"ನೀನು ಸುಮ್ನಿರು ಮಾರಾಯ್ತಿ. ವ್ಯಾಪಾರ ನಂಗೆ ಹೇಳ್ಕೊಡಬೇಡ."

"ಬೇಕಾದ್ರೆ ತೂಕಕ್ಕೆ ಹಾಕುವ," ಎಂದರು ರಜಾಕ್ ಸಾಹೇಬರು, ಸಮಾಧಾನದ ಮಾತೆಂದೇ ತಿಳಿದು.

"ತೂಕಕ್ಕೆ! ನನ್ನ ಕಾರು ಎಂತ ಈರುಳ್ಳಿಯಾ? ಮೂವತ್ತಕ್ಕೆ ಆದ್ರೆ ನಾನೇ ತಗೊಳ್ತೀನಿ!"

ಅರ್ಶಿಯಾಳ ಪೆನ್ನು ತಟ್ಟನೆ ಮೇಲೆದ್ದಿತು. "ಸಾರ್, ಇದು ಆಫರಾ?"

"ಅಲ್ಲ ಮೇಡಂ, ಅಲ್ಲ!" ಎಂದಳು ಭವ್ಯ.

"ಹೌದು ಮೇಡಂ, ಹೌದು!" ಎಂದ ಷಡಕ್ಷರಿ.

ರಜಾಕ್ ಸಾಹೇಬರು ನಕ್ಕರು. "ಇದಕ್ಕೆ ಮೂವತ್ತು ಯಾರು ಕೊಡ್ತಾರೆ ಮಾರಾಯ್ರೆ?"

ಆ ನಗುವೇ ಸಾಕಾಯಿತು. "ನಲವತ್ತೈದು! ನಲವತ್ತೈದಕ್ಕೆ ನಾನೇ ತಗೊಳ್ತೀನಿ. ಬರ್ಕೊಳ್ಳಿ ಮೇಡಂ!" ತನ್ನ ಕೂಗಿನ ಮೇಲೆ ತಾನೇ ಕೂಗಿ, ತನ್ನನ್ನೇ ಸೋಲಿಸಿ, ಷಡಕ್ಷರಿ ರಾಜಗಾಂಭೀರ್ಯದಿಂದ ಸಹಿ ಹಾಕಿದ. ರಜಾಕ್ ಸಾಹೇಬರು ಕೈಮುಗಿದು ಗಾಡಿ ಹತ್ತಿದರು.

ಮನೆಗೆ ನಡೆಯುವಾಗ ಅವನ ಎದೆ ರಸ್ತೆ ತುಂಬ ಹರಡಿತ್ತು. "ನೋಡಿದ್ಯಾ? ಇಪ್ಪತ್ತು ಅಂತಿದ್ದುದನ್ನ ನಲವತ್ತೈದಕ್ಕೆ ಏರಿಸಿದೆ."

"ಆ ನಲವತ್ತೈದು ನಮಗೆ ಕೊಡೋದು ಯಾರು?"

"ಇನ್ಯಾರು, ತಗೊಂಡವರು."

"ತಗೊಂಡವರು ಯಾರು?"

ಬಸ್‌ಸ್ಟ್ಯಾಂಡಿನ ಎದುರು ಷಡಕ್ಷರಿಯ ಕಾಲು ನಿಂತಿತು. "ಅಲ್ಲ... ಕಂಪನಿ ಎಷ್ಟು ಕಳೆಯುತ್ತೆ?"

"ನಲವತ್ತೈದು."

"ರಜಾಕ್ ಸಾಹೇಬ್ರು ಎಷ್ಟು ಕೊಡ್ತಾರೆ?"

"ನಗು ಕೊಟ್ಟು ಹೋದ್ರಲ್ಲ."

"ಈಗ ಅವರಿಗೇ ಮಾರಿದ್ರೆ?"

"ಇಪ್ಪತ್ತು. ಮಿಕ್ಕ ಇಪ್ಪತ್ತೈದು ಸಾವಿರ ಹೋಯ್ತು. ನನ್ನ ಮೆಷಿನ್ ಹೋಯ್ತು."

ಭವ್ಯ ಕೂಗಾಡಲಿಲ್ಲ. ಅವನಿಗೆ ಹೆದರಿಕೆಯಾದದ್ದೇ ಅದಕ್ಕೆ.

ಭಾನುವಾರ ಬೆಳಿಗ್ಗೆ ಒಗೆಯುವ ಕಲ್ಲಿನ ಮುಂದೆ ಬಟ್ಟೆಯ ಬಕೆಟ್ಟಿಟ್ಟು ಅವನನ್ನು ಕರೆದಳು. "ಮೆಷಿನ್ ದುಡ್ಡನ್ನ ಯಾರು ಕೂಗಿ ಕಳೆದ್ರೋ ಅವರೇ ಒಗೀಲಿ."

ಷಡಕ್ಷರಿ ಉಪಾಯಗಾರ. ಕೆಟ್ಟದಾಗಿ ಒಗೆದರೆ "ಬಿಡಿ, ನಾನೇ ಒಗೀತೀನಿ" ಎಂದು ಹೆಂಗಸರು ಕಸಿದುಕೊಳ್ಳುತ್ತಾರೆಂಬ ಶಾಸ್ತ್ರ ಅವನಿಗೆ ಕಂಠಪಾಠವಿತ್ತು. ಒಂದು ಅಂಗಿಯನ್ನು ನೀರಿಗೆ ತೋರಿಸಿ ಎತ್ತಿದ.

ಭವ್ಯ ಅದರ ಕಾಲರನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಪರವಾಗಿಲ್ಲ ಬಿಡಿ. ನಿಮ್ಮ ಕೈಲಿ ಇಷ್ಟೇ ಆಗೋದು."

"ಅಂದ್ರೆ?"

"ರಜಾಕ್ ಸಾಹೇಬ್ರ ಕಾಲರು ನೋಡಿದ್ರಲ್ಲ? ಗುಜರಿ ವ್ಯಾಪಾರ ಮಾಡ್ತಾರೆ, ಆದ್ರೂ ಹಾಲಿನ ಹಾಗೆ ಬೆಳ್ಳಗಿತ್ತು. ಬಟ್ಟೆ ಅವರೇ ಒಗೆಯೋದಂತೆ. ವಾರಕ್ಕೆ ಎರಡು ಸಲ."

"ಎರಡೇ?" ಷಡಕ್ಷರಿ ಪಂಚೆ ಎತ್ತಿ ಕಟ್ಟಿದ. "ನಾನು ಮೂರು ಸಲ ಒಗೀತೀನಿ!"

"ಅಯ್ಯೋ, ಮೂರು ಸಲ ಯಾರು ಒಗೀತಾರೆ?" ಎಂದು ಭವ್ಯ ನಕ್ಕಳು.

"ನಾಲ್ಕು! ಬೆಡ್‌ಶೀಟೂ ಸೇರಿ! ಬರ್ಕೋ!"

ಭವ್ಯ ಗೋಡೆಯ ಕ್ಯಾಲೆಂಡರ್ ಇಳಿಸಿ ತಂದು ಬರೆದುಕೊಂಡಳು. ಅವನು ಕೈಯ ಸೋಪಿನ ನೊರೆ ಒರೆಸಿಕೊಂಡು, ಅದೇ ರಾಜಗಾಂಭೀರ್ಯದಿಂದ ಸಹಿ ಹಾಕಿದ.