ದನಿ ಒಡೆಯದ ಪೆಟ್ಟಿಗೆ

ಎಲ್ಲಕ್ಕೂ ಮೂಲ ಒಂದು ಕೆಮ್ಮು.

ಮೈಕಣ್ಣನ ಪಕ್ಕದ ಮನೆಯ ದರ್ಜಿ ಜೀವಮಾನವೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬದುಕಿದವನು. ಅವನ ಮಾತು ಅವನ ಅಂಗಿಗೇ ಕೇಳಿಸದು. ಹೋದ ಸಭೆಯಲ್ಲಿ ಅವನು ಮಾತಾಡಲು ಎದ್ದಾಗ, ಮೈಕು ನೋಡಿಕೊಳ್ಳುತ್ತಿದ್ದ ಮೈಕಣ್ಣ ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಅದೇ ಹೊತ್ತಿಗೆ ಬೀದಿ ಸಂಘದ ಅಧ್ಯಕ್ಷರು, ಅಂದರೆ ಮೈಕಣ್ಣನ ಹೆಂಡತಿಯ ಅಣ್ಣ, ಮೈಕಿನತ್ತ ಬಾಗಿ ಕೆಮ್ಮಿದರು. ತಗಡಿನ ಮೇಲೆ ಜಲ್ಲಿ ಸುರಿದಂತೆ ದನಿ ಒಡೆದು, ಮುಂದಿನ ಸಾಲಿನ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಓಡಿದರು.

ಈಗ ಸಂಘದ ಚುನಾವಣೆಯ ದಿನ. ಭಾವ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು.

"ನೋಡಯ್ಯಾ, ಇವತ್ತೇನಾದ್ರೂ ಒಡೀತೋ, ನಾಳೆ ಏಳಕ್ಕೆ ನನ್ನ ಹಾಸಿಗೆ ಅಂಗಡೀಲಿ ಹತ್ತಿ ತುಂಬೋಕೆ ಬಾ. ಒಡೀಲಿಲ್ವೋ, ಸಭಾಂಗಣದ ಮೈಕಿನ ಕೆಲಸ ನಿಂಗೇ ಕಾಯಂ."

ಮೈಕಣ್ಣನಿಗೆ ಹತ್ತಿ ಕಂಡರೇ ಸೀನು.

"ಒಡೆಯಲ್ಲ ಭಾವ! ಮೂರು ತಿಂಗಳಿಂದ ಇದಕ್ಕೇ ಕೂತಿದೀನಿ."

ನಿಜವೇ. ಹೊಸ ಪೆಟ್ಟಿಗೆಯೊಳಗೆ ಒಂದು ಕಪ್ಪು ಕೊಳವೆ. ಅದರಲ್ಲಿ ಪುಟ್ಟ ದೀಪ, ಎದುರಿಗೆ ಬೆಳಕು ಗುರುತಿಸುವ ಬಿಲ್ಲೆ. ಯಾರಾದರೂ ಅರಚಿದರೆ ದೀಪ ಹೊತ್ತಿಕೊಳ್ಳುತ್ತದೆ, ಬಿಲ್ಲೆ ದನಿಯನ್ನು ತಗ್ಗಿಸುತ್ತದೆ. ಪಿಸುಗುಟ್ಟಿದರೆ ದೀಪ ಮಂಕಾಗಿ ದನಿ ತಾನೇ ಏರುತ್ತದೆ.

"ತಿರುಪು ಮುಟ್ಟೋದೇ ಬೇಡ ಕಣೇ!" ಎಂದು ಹೆಂಡತಿಗೆ ಹೇಳಿದ.

"ನಿಮ್ಮ ತಲೇದು ಸಡಿಲ ಆಗಿದೆ, ಮೊದಲು ಅದನ್ನ ಬಿಗಿ ಮಾಡ್ಕೊಳ್ಳಿ," ಎಂದಳು ಅವಳು.

ಪೆಟ್ಟಿಗೆಯನ್ನು ಸಭಾಂಗಣದಲ್ಲಿಟ್ಟು ಊಟಕ್ಕೆ ಹೋಗಿ ಬಂದರೆ, ಅದಕ್ಕೆ ದನಿಯೇ ಇಲ್ಲ! "ಹಲೋ, ಹಲೋ" ಎಂದು ಗಂಟಲು ಹರಿದುಕೊಂಡರೂ ಉಹೂಂ. ಪಕ್ಕದಲ್ಲಿ ದರ್ಜಿ ಕತ್ತರಿ ಹಿಡಿದು ತಲೆ ಕೆರೆಯುತ್ತಿದ್ದ.

"ಒಳಗೆ ದೀಪ ಇದೆ ಅಂದ್ರಲ್ಲ ಮೈಕಣ್ಣ, ಉರೀತಿದೆಯಾ ಅಂತ ಕೊಳವೆಗೆ ಸ್ವಲ್ಪವೇ ಕತ್ತರಿ ಆಡಿಸ್ದೆ."

ಕಿಟಕಿಯ ಬಿಸಿಲೆಲ್ಲ ಬಿಲ್ಲೆಯ ಮೇಲೆ! ಯಾರೋ ಭಯಂಕರವಾಗಿ ಅರಚುತ್ತಿದ್ದಾರೆಂದು ನಂಬಿ, ಪಾಪ, ಅದು ದನಿಯ ಕತ್ತು ಹಿಸುಕಿತ್ತು. ಮೈಕಣ್ಣ ತನ್ನ ಕಾಲಿನ ಕಪ್ಪು ಕಾಲುಚೀಲವನ್ನೇ ಕಳಚಿ ಕೊಳವೆಗೆ ತೊಡಿಸಿದ. ದರ್ಜಿ ಸೂಜಿ ತೆಗೆದ.

"ಎರಡು ಹೊಲಿಗೆ ಹಾಕಿದೀನಿ. ಇನ್ನು ಆನೆ ಎಳೆದ್ರೂ ಬಿಚ್ಚಲ್ಲ."

ಸಂಜೆ ಸಭೆ ತುಂಬಿತು. ಭಾವನಿಗೆ ಎದುರು ನಿಂತವನು ಈ ದರ್ಜಿಯೊಬ್ಬನೇ. ಭಾವ ಗುಡುಗಿದರು, ದನಿ ರೇಷ್ಮೆಯಂತೆ ಬಂತು. ಮೇಜು ಗುದ್ದಿದರು, ಆಗಲೂ ರೇಷ್ಮೆ. ಮೈಕಣ್ಣ ಒಂದು ಕಾಲಿಗೆ ಚೀಲ, ಒಂದು ಕಾಲು ಬರಿದು, ಹಾಗೇ ನಿಂತಲ್ಲಿ ಕುಣಿದ.

ಆಗ ಭಾವ ನೀರು ಕುಡಿಯಲು ಮಾತು ನಿಲ್ಲಿಸಿದರು. ಸದ್ದಿಲ್ಲ. ದೀಪ ಆರಿತು. ಪೆಟ್ಟಿಗೆ ತನ್ನ ಪಾಡಿಗೆ ದನಿ ಏರಿಸಿಕೊಂಡು, ಏರಿಸಿಕೊಂಡು, ಕಿವಿ ನಿಮಿರಿಸಿ ಕೂತಿತು. ಭಾವನ ಗುಟುಕು ಬಾವಿಗೆ ಕೊಡ ಬಿದ್ದಂತೆ ಕೇಳಿಸಿತು. ಕಾಲುಚೀಲ ಕಿತ್ತು ಬೆಳಕು ಬಿಟ್ಟರೆ ದನಿ ತಗ್ಗೀತೆಂದು ಮೈಕಣ್ಣ ಎಳೆದ. ಎರಡು ಹೊಲಿಗೆ! ಸ್ವಿಚ್ಚು ಆರಿಸಬಹುದಿತ್ತೆಂದು ಹೊಳೆದದ್ದು ಮಾರನೆಯ ದಿನ.

ವೇದಿಕೆಯಲ್ಲಿ ನಡಾವಳಿ ಬರೆಯುತ್ತಿದ್ದ ತಂಗಿಯ, ಅಂದರೆ ಮೈಕಣ್ಣನ ಹೆಂಡತಿಯ, ಕಿವಿಯಲ್ಲಿ ಭಾವ ಪಿಸುಗುಟ್ಟಿದರು. ಆ ಪಿಸುಮಾತು ಒಂದಕ್ಷರವೂ ಒಡೆಯದೆ ಸಭೆಯ ಮೂಲೆಮೂಲೆಗೂ ಮುಟ್ಟಿತು:

"ಮುಂದಿನದು ಮರೆತೇಹೋಯ್ತು ಕಣೇ. ಬಿಡು, ಈ ಕುರಿಮಂದೆಗೆ ಏನು ಒದರಿದ್ರೂ ಚಪ್ಪಾಳೆ ತಟ್ತಾರೆ."

ಯಾರೂ ತಟ್ಟಲಿಲ್ಲ. ಕೈ ಎತ್ತುವಾಗ ಮಾತ್ರ ಎಲ್ಲರೂ ದರ್ಜಿಯ ಹೆಸರಿಗೇ ಎತ್ತಿದರು.

"ದನಿ ಒಡೀಲಿಲ್ವಲ್ಲ ಭಾವ?" ಎಂದ ಮೈಕಣ್ಣ, ಮೆಲ್ಲಗೆ.

"ಗುಟ್ಟು ಒಡೀತಲ್ಲಯ್ಯಾ! ನಾಳೆ ಏಳಕ್ಕೆ!"

ಮೈಕಣ್ಣ ಹೊಸ ಅಧ್ಯಕ್ಷನ ಬಳಿ ಓಡಿದ. "ನನ್ನ ಪೆಟ್ಟಿಗೆಯಿಂದಲೇ ಗೆದ್ದಿರಿ. ಕೆಲಸ ಕಾಯಂ ಮಾಡಿಬಿಡಿ."

ದರ್ಜಿ ಗುಂಡುಸೂಜಿ ಬಾಯಿಂದ ತೆಗೆದ. "ಅಯ್ಯೋ, ಇದು ಬೇಡ ಮೈಕಣ್ಣ. ಹಳೇದನ್ನೇ ಹಾಕಿಸ್ತೀನಿ, ಅದಕ್ಕೆ ನೀವೂ ಬೇಕಿಲ್ಲ. ಇಷ್ಟು ವರ್ಷ ನನ್ನ ಮಾತು ಯಾರಿಗೂ ಕೇಳಿಸಿಲ್ಲ. ಅದಕ್ಕೇ ತಾನೆ ನಾನು ಒಳ್ಳೆಯವನು ಅಂತ ಎಲ್ಲರೂ ನಂಬಿರೋದು?"

ಹತ್ತಿಯ ನೆನಪಿಗೇ ಮೈಕಣ್ಣನಿಗೆ ಸೀನು ಬಂತು. ಆರಿಸದೆ ಬಿಟ್ಟಿದ್ದ ಪೆಟ್ಟಿಗೆ ಅದನ್ನು ಚೂರೂ ಒಡೆಯದೆ ಬೀದಿಗೆಲ್ಲ ಮುಟ್ಟಿಸಿತು.