ಗಿರಣಿಯ ಸ್ಟಾರ್ಟರಿಗೆ ಇಂಗ್ಲಿಷ್ ಬೋರ್ಡು

ಹೊಸದಾಗಿ ಏನಾದರೂ ಕಲಿತವರಿಂದ ಸ್ವಲ್ಪ ದಿನ ದೂರ ಇರುವುದು ಕ್ಷೇಮ. ಹಾಡು ಕಲಿತವರು ಕರೆಯದಿದ್ದರೂ ಹಾಡುತ್ತಾರೆ, ಸ್ಕೂಟಿ ಕಲಿತವರು ನಮ್ಮನ್ನು ಹಿಂದೆ ಕೂರಿಸಿಕೊಳ್ಳದೆ ಬಿಡುವುದಿಲ್ಲ. ನಾನಂತೂ ಒಂದೇ ಏಟಿಗೆ ಎರಡು ವಿದ್ಯೆ ಕಲಿಯಲು ಹೊರಟವಳು: ಕರೆಂಟಿನ ಕೆಲಸ ಮತ್ತು ಇಂಗ್ಲಿಷ್ ಬರವಣಿಗೆ. ನನ್ನ ಹೆಸರು ಶಾಂತಾ. ಹೆಸರಿಗೂ ಸ್ವಭಾವಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಮಸ್ಕಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ನನ್ನ ಅತ್ತೆಯನ್ನು ಮಾತ್ರ ಕೇಳಬೇಡಿ, ಅವರು ಹೇಳುತ್ತ ಕೂತರೆ ನಿಮ್ಮ ಬಸ್ಸು ತಪ್ಪುತ್ತದೆ.

ಮಕ್ಕಳಿಬ್ಬರೂ ಹೈಸ್ಕೂಲು ಸೇರಿದ ಮೇಲೆ ನಾನು ಸಿಂಧನೂರಿನ ಸಮುದಾಯ ಕಾಲೇಜು ಸೇರಿದೆ. ಬೆಳಿಗ್ಗೆ ವೈರಿಂಗ್, ಊಟವಾದ ಮೇಲೆ ಇಂಗ್ಲಿಷ್. ವೈರಿಂಗ್ ಕಲಿಸುವ ಖಾದರ್ ಸರ್ ದಿನಾ ಪಾಠ ಶುರು ಮಾಡುವುದೇ ಒಂದು ಮಂತ್ರದಿಂದ: “ಪೈಲೇ ಮೇನ್ ಇಳಸ್ರಿ, ಫ್ಯೂಸ್ ಕಿತ್ತು ನಿಮ್ಮ ಹತ್ರ ಇಟ್ಕೋರಿ, ಆಮ್ಯಾಲೆ ಬೋರ್ಡ್ ಹಾಕ್ರಿ, ಕಡೀಕ ಕೈ ಹಾಕ್ರಿ. ಈ ಸಾಲು ತಪ್ಪಿದ್ರ ಜಾನ್ ಹೋಗ್ತೈತಿ, ಜೀವ ಹೋಗ್ತೈತಿ ನೋಡ್ರವ್ವಾ.” ನಾನು ತಲೆಯಾಡಿಸುತ್ತಿದ್ದೆ. ಮನಸ್ಸು ಮಾತ್ರ ಮಧ್ಯಾಹ್ನದ ಇಂಗ್ಲಿಷಿನ ಕಡೆಗೇ. ತಂತಿ ಸುಲಿಯುವುದು ನನಗೆ ಸಲೀಸು, ಇಂಗ್ಲಿಷಿನ ನಾಲ್ಕು ಅಕ್ಷರ ಬರೆಯಲು ಮಾತ್ರ ಹತ್ತು ಸಲ ಅಳಿಸುತ್ತಿದ್ದೆ. ಇಂಗ್ಲಿಷ್ ಮಿಸ್ಸು ಒಂದು ದಿನ ಎಚ್ಚರಿಕೆಯ ಫಲಕ ಬರೆಸಿದರು: ಸ್ವಿಚ್ ಹಾಕಬೇಡಿ, ಗಂಡಸರು ಕೆಲಸದಲ್ಲಿದ್ದಾರೆ ಎಂಬ ಅರ್ಥದ್ದು. ಗಂಡಸರು ಯಾಕೆ, ಕೈ ಹಾಕುವವಳು ನಾನಲ್ಲವೇ ಎಂದು ಸಿಟ್ಟು ಬಂತು. ‘ಡು ನಾಟ್ ಸ್ವಿಚ್ ಆನ್, ವುಮನ್ ಅಟ್ ವರ್ಕ್’ ಎಂದು ತಿದ್ದಿ ಬರೆದೆ. ಮಿಸ್ಸು ಅದನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಅಷ್ಟೇ ಸಾಕಾಯಿತು ನನಗೆ. ಮನೆಗೆ ಬಂದವಳೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಇಂಗ್ಲಿಷ್ ಚೀಟಿ ಅಂಟಿಸಿದೆ. ಅತ್ತೆಗೆ ಕನ್ನಡವನ್ನು ಅಕ್ಷರ ಕೂಡಿಸಿ ಓದಲು ಬರುತ್ತದೆ. ನನ್ನ ಚೀಟಿಗಳನ್ನು ನೋಡಿ, “ಇವೇನವ್ವಾ, ಇರುವಿ ಹರದಾಡಿದಂಗ ಅದಾವ?” ಎಂದು ಕೇಳಿ, ಎಂದಿನಂತೆ ಡಬ್ಬಿ ಅಲುಗಾಡಿಸಿ ನೋಡಿ ಬೇಳೆ ತೆಗೆದುಕೊಂಡರು.

ನಮ್ಮದು ಹಿಟ್ಟಿನ ಗಿರಣಿ. ಅದರ ಯಜಮಾನಿ ಅತ್ತೆಯೇ. ಮಾವ ಹೋದ ಮೇಲೆ ಅದನ್ನು ಒಂದು ದಿನವೂ ಬಾಗಿಲು ಹಾಕದೆ ನಡೆಸಿದವರು. ಆ ಗಿರಣಿಯ ಮೋಟರು ಅಮಾವಾಸ್ಯೆ ಹತ್ತಿರ ಬಂದಾಗಲೇ ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತು. ಲಿಂಗಸುಗೂರಿನ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, “ಈಗ ಹೊಂಟೀನ್ರೀ” ಎನ್ನುತ್ತಾನೆ. ಅವನು ನನ್ನ ಮದುವೆಯಾದಾಗಿನಿಂದಲೂ ಹೊರಡುತ್ತಲೇ ಇದ್ದಾನೆ. ಜೋಳದ ಚೀಲ ಹೊತ್ತು ಬಂದವರು ಬಾಗಿಲಲ್ಲಿ ಇಣುಕಿ ಪಕ್ಕದ ಓಣಿಯ ಗಿರಣಿಗೆ ಹೋಗತೊಡಗಿದರು. ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಮೋಟರಿನ ಡಬ್ಬಿ ಬಿಚ್ಚಿ ನೋಡಿದೆ. ಒಳಗಿನ ತಂತಿಯ ತುದಿ ಸುಟ್ಟಿತ್ತು, ಅಷ್ಟೇ. “ನಾನೇ ಮಾಡ್ತೀನ್ರೀ ಅತ್ತೀ” ಎಂದೆ.

ಅತ್ತೆ ಸೊಂಟದ ಮೇಲೆ ಕೈ ಇಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಾಡು. ಅಮಾಸಿ ಪೂಜಾಕ್ಕ ಗಿರಣಿ ತಿರುಗಿದ್ರ ನಿನ್ನ ಕಾಲೇಜಿಗೆ ನಾ ಅಡ್ಡ ಬರಾಂಗಿಲ್ಲ. ತಿರುಗಲಿಲ್ಲಂದ್ರ ಮರುದಿನದಿಂದ ಸಿಂಧನೂರು ಬಸ್ಸು ಬಂದ್. ಹಿಟ್ಟು ಹಾಕ್ಕೋಂತ ಇಲ್ಲೇ ಕುಂದ್ರು.”

ಅತ್ತೆ ಹೇಳಿದ್ದೆಂದರೆ ಮುಗಿಯಿತು. ನನ್ನ ಗಂಡ ಅಲ್ಲೇ ಇದ್ದವರು ಏನೋ ನೆನಪಾದಂತೆ ಹೊರಗೆ ಹೋದರು. ಅಮ್ಮನಿಗೂ ಹೆಂಡತಿಗೂ ಮಾತು ಬಂದಾಗಲೆಲ್ಲ ಅವರಿಗೆ ಏನಾದರೂ ನೆನಪಾಗುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಗಿರಣಿಗೆ ಹೋದೆ. ಹಸಿರು ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ಬೋರ್ಡು ಬರೆದು ಒಯ್ದಿದ್ದೆ. ಸ್ಟಾರ್ಟರಿನಲ್ಲಿ ಮೋಟರು ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ, ಅದಕ್ಕೇ ಬೋರ್ಡು ನೇತುಹಾಕಿದೆ, ಸೊಟ್ಟಗಿದೆಯೆಂದು ನೆಟ್ಟಗೆ ಮಾಡಿದೆ, ಹಿಂದೆ ಸರಿದು ನಿಂತು ಕಣ್ತುಂಬ ನೋಡಿದೆ. ಆಮೇಲೆ ಸೀದಾ ಹೋಗಿ ಮೋಟರಿನ ಹಿಂದೆ ಕೂತೆ. ಮೇನ್ ಇಳಿಸಲಿಲ್ಲ. ಫ್ಯೂಸ್ ಕೀಳಲಿಲ್ಲ. ಖಾದರ್ ಸರ್ ಮಂತ್ರದ ಮೊದಲೆರಡು ಮಾತು ನನ್ನ ತಲೆಗೆ ಬರಲೇ ಇಲ್ಲ.

ಮೋಟರಿಗೂ ಗಿರಣಿಯ ಯಂತ್ರಕ್ಕೂ ನಡುವೆ ಬೆಕ್ಕು ನುಗ್ಗುವಷ್ಟು ಸಂದು. ಅದರಲ್ಲಿ ಮೊಣಕೈವರೆಗೆ ಕೈ ತೂರಿಸಿ, ಹೊಸ ತಂತಿ ಸಿಕ್ಕಿಸಿ, ನಟ್ಟು ಬಿಗಿಯುತ್ತಿದ್ದೆ. ಆಗ ಕುಂಕುಮ, ಹೂವು, ಊದಿನಕಡ್ಡಿ ಹಿಡಿದು ಅತ್ತೆ ಬಂದರು. ನಾನು ಅವರಿಗೆ ಕಾಣುತ್ತಿರಲಿಲ್ಲ. ಮೋಟರಿನ ಬೆಲ್ಟಿನ ಸಂದಿನಿಂದ ಅವರು ನನಗೆ ಕಾಣುತ್ತಿದ್ದರು.

ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ ಆಗಲೇಬೇಕು. ಪೂಜೆಯಾದ ಕೂಡಲೇ ಒಮ್ಮೆ ಖಾಲಿ ತಿರುಗಿಸಬೇಕು, ಆಮೇಲೆಯೇ ಗಿರಾಕಿಯ ಕಾಳು. ಅತ್ತೆ ನನ್ನ ಬೋರ್ಡಿನ ಮುಂದೆ ನಿಂತರು. ಅವರ ಮುಖ ಅರಳಿತು. “ಮುಗಿಸಿ ಬೋರ್ಡೂ ಹಾಕ್ಯಾಳ ನೋಡು, ಎಷ್ಟು ಚೆಂದ ಬರದಾಳ” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಅದಕ್ಕೆ ಕುಂಕುಮ ಹಚ್ಚಿದರು. ಹೂವು ಏರಿಸಿದರು. ಊದಿನಕಡ್ಡಿ ಬೆಳಗಿದರು. ಬೆರಳು ಚಾಲೂ ಮಾಡುವ ಹಸಿರು ಗುಂಡಿಯ ಕಡೆಗೆ ಹೋಯಿತು. ಒತ್ತಿದರೆ ನನ್ನ ಕೈಯಲ್ಲಿದ್ದ ತಂತಿಗೇ ಕರೆಂಟು.

ನಾನು ಕೈ ಎಳೆದೆ. ಬರಲಿಲ್ಲ. ಮೊಣಕೈ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಬಾಯಿ ತೆರೆದೆ. ಏನು ಬಂತೆಂದು ಬಲ್ಲಿರಾ? “ಡು ನಾಟ್! ಡು ನಾಟ್!” ವಾರವಿಡೀ ಬಾಯಿಪಾಠ ಮಾಡಿದ್ದೇ ಬಂತು.

“ಬಂದ್ಯಾ? ತಡಿ, ಚಾಲೂ ಮಾಡಿಬಿಡ್ತೀನಿ” ಎಂದರು ಅತ್ತೆ.

“ಬ್ಯಾಡ್ರೀ ಅತ್ತೀ, ಬ್ಯಾಡ!”

ಅದು ಇನ್ನೂ ದೊಡ್ಡ ತಪ್ಪು. ಸೊಸೆ ಬೇಡವೆಂದದ್ದನ್ನು ನನ್ನ ಅತ್ತೆ ಇವತ್ತಿನವರೆಗೆ ಮಾಡದೆ ಬಿಟ್ಟಿಲ್ಲ. “ಪೂಜಾ ಮಾಡಿದಾಕಿ ನಾನು, ಗುಂಡಿ ಒತ್ತಾಕಿನೂ ನಾನ. ಬ್ಯಾಡ ಅನ್ನಾಕ ನೀ ಯಾರು ಬೇ?” ಎನ್ನುತ್ತ ಬೆರಳನ್ನು ಗುಂಡಿಯ ಮೇಲೆ ಇಟ್ಟೇಬಿಟ್ಟರು. ನನ್ನ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ, ಗಂಟಲು ಹರಿಯುವಂತೆ ಕೂಗಿದೆ:

“ಅತ್ತೀ, ಕಾಯಿ ಒಡದಿಲ್ಲಲ್ರೀ!”

ಬೆರಳು ಹಿಂದಕ್ಕೆ ಬಂತು. “ಅಯ್ಯ ಶಿವನ! ಮರತಽ ಬಿಟ್ಟಿದ್ನೆಲ್ಲೇ!” ಎಂದು ಗಲ್ಲ ಬಡಿದುಕೊಂಡು, ತೆಂಗಿನಕಾಯಿ ತರಲು ಮನೆಗೆ ಓಡಿದರು.

ಚರ್ಮ ಸುಲಿದರೂ ಸರಿಯೆಂದು ಕೈ ಕಿತ್ತುಕೊಂಡೆ. ಓಡಿಹೋಗಿ ಮೇನ್ ಇಳಿಸಿದೆ, ಫ್ಯೂಸುಗಳನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಆಮೇಲೆ ಹಿಟ್ಟಿನ ನೆಲದ ಮೇಲೇ ಕೂತೆ. ಅತ್ತೆ ಕಾಯಿ ಹಿಡಿದು ಬಂದು, “ಯಾಕ ಹಿಂಗ ಬೆವತೀ?” ಎಂದರು. ಸುಳ್ಳು ಹೇಳುವಷ್ಟೂ ಉಸಿರಿರಲಿಲ್ಲ. ಎಲ್ಲವನ್ನೂ ಹೇಳಿದೆ.

ಅವರು ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು. “ನನ್ನ ಕೈಯಾರೆ ನಿನ್ನ ಕೊಲ್ತಿದ್ನೆಲ್ಲೇ ಯವ್ವಾ” ಎಂದು ನನ್ನ ಸುಲಿದ ಮೊಣಕೈ ಹಿಡಿದುಕೊಂಡು ಅತ್ತರು. ಮಾವ ಹೋದಾಗಲೂ ಊರ ಮುಂದೆ ಕಣ್ಣೀರು ಹಾಕದ ಹೆಂಗಸು. ನಾನೂ ಅತ್ತುಬಿಟ್ಟೆ. ಇಬ್ಬರೂ ಮುಖದ ತುಂಬ ಹಿಟ್ಟು ಮಾಡಿಕೊಂಡೆವು. ಆಮೇಲೆ ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಸಿಟ್ಟು ವಾಪಸು ಬಂತು.

“ಆ ಬೋರ್ಡಿನ್ಯಾಗ ಏನ ಬರದೀ?”

“ಗುಂಡಿ ಒತ್ತಬ್ಯಾಡ್ರಿ, ಹೆಣಮಗಳು ಕೆಲಸ ಮಾಡಾಕತ್ತಾಳ ಅಂತ್ರೀ.”

“ಅದನ್ನ ಓದಾಕ ಇಲ್ಲಿ ಯಾರಿಗೆ ಬರತೈತಿ?”

“ನನಗ್ರೀ.”

“ನೀ ಎಲ್ಲಿದ್ದಿ?”

“ಮೋಟರಿನ ಹಿಂದ್ರೀ.”

ಅತ್ತೆ ಎದ್ದು, ಬೋರ್ಡಿನ ಮೇಲಿನ ಹೂವು ತೆಗೆದು ಮೋಟರಿಗೆ ಏರಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ನಟ್ಟು ಬಿಗಿದು, ಫ್ಯೂಸ್ ಹಾಕಿ, ಮೇನ್ ಏರಿಸಿದೆ. ಅತ್ತೆ ಕಾಯಿ ಒಡೆದು, ಈ ಸಲ ನನ್ನ ಮುಖ ನೋಡಿ, ನಾನು ಹೂಂ ಎಂದ ಮೇಲೆಯೇ ಗುಂಡಿ ಒತ್ತಿದರು. ಗಿರಣಿ ಗುಂಯ್ ಎಂದು ತಿರುಗಿತು. “ಹೋಗವ್ವಾ ಕಾಲೇಜಿಗೆ,” ಎಂದರು ಆ ಸದ್ದಿನ ನಡುವೆಯೇ, “ನೀ ಕಲಿಯೂದು ಇನ್ನೂ ಭಾಳ ಐತಿ.”

ಮರುದಿನ ಬೋರ್ಡನ್ನು ಕಾಲೇಜಿಗೆ ಒಯ್ದೆ. ನಡೆದದ್ದನ್ನು ಮಿಸ್ಸಿಗೂ ಖಾದರ್ ಸರ್‌ಗೂ ಹೇಳಲೇಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಧೈರ್ಯ ತಂದುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮಿಸ್ಸು ಬೋರ್ಡನ್ನು ಕೈಯಿಂದ ತೆಗೆದುಕೊಂಡು, “ಕಲಿತದ್ದನ್ನು ಕೆಲಸಕ್ಕೆ ಹಚ್ಚುವುದೆಂದರೆ ಇದು, ಕುಂಕುಮ ಹಚ್ಚಿ ಪೂಜೆ ಬೇರೆ ಮಾಡಿದ್ದಾರೆ ನೋಡಿ” ಎಂದು ಕ್ಲಾಸಿನ ಗೋಡೆಗೆ ತೂಗುಹಾಕಿಸಿ ಚಪ್ಪಾಳೆ ತಟ್ಟಿಸಿದರು. ನಾನು ತಲೆ ತಗ್ಗಿಸಿಕೊಂಡು ನಿಂತೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ನಾನೂ ಇರಲಿ ಎಂದು ಬಿಟ್ಟೆ.